ಪಿಟೀಲಿಗೊಬ್ಬ ಯೋಗದ ಮೇಷ್ಟ್ರು

ಏಳನೇ ವಯಸ್ಸಿಗೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಿದ ಯೆಹೂದಿ ಮೆನುಹಿನ್‌ಗೆ, ದೊಡ್ಡವರಾದ ಮೇಲೆ ಕಮಾನು ಹಿಡಿದ ಕೈಯೇ ಮಾತು ಕೇಳದಾಯ್ತು. ಹುಡುಗನಾಗಿದ್ದಾಗ ತಾನಾಗೇ ಬರ್ತಿದ್ದದ್ದನ್ನು ಮತ್ತೆ ಕಲಿಯಬೇಕಾಯ್ತು. 1952ರಲ್ಲಿ ಮುಂಬೈಯಲ್ಲಿ ಸಿಕ್ಕವರು ನಮ್ಮ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಆಮೇಲೆ ಮೆನುಹಿನ್ ಅವರಿಗೊಂದು ವಾಚು ಕೊಟ್ಟು, ಅದರ ಮೇಲೆ ತನ್ನ ಅತ್ಯುತ್ತಮ ಪಿಟೀಲು ಗುರು ಅಂತ ಕೆತ್ತಿಸಿದ್ದರು. ಯೋಗದ ಮೇಷ್ಟ್ರಿಗೆ!

ವಯಸ್ಸಾದಂತೆ ಪಿಟೀಲು ಕಡಿಮೆಯಾಗಿ ಕಂಡಕ್ಟರ್ ಕೆಲಸ ಹೆಚ್ಚಾಯ್ತು. (ಬಿಎಂಟಿಸಿ ಅಲ್ಲ, ಆರ್ಕೆಸ್ಟ್ರಾದ್ದು.) ಕೋಡ್ ಬಿಟ್ಟು ಮ್ಯಾನೇಜರ್ ಆದವರನ್ನ ನೋಡಿ ಆಫೀಸಲ್ಲಿ ನಾವು ನಗ್ತೀವಿ, ಈ ವರ್ಷ ಆ ಕುರ್ಚಿ ನನ್ನ ಮುಂದೇ ಇದೆ, ಇನ್ನೂ ಹೂಂ ಅಂದಿಲ್ಲ. ಮೆನುಹಿನ್ ಮಾತ್ರ 1982ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಮುಂದೆ ಶೀರ್ಷಾಸನ ಹಾಕಿ, ಕಾಲಲ್ಲೇ ಬೀಥೋವನ್ ನಡೆಸಿದರು. 1999ರಲ್ಲಿ ತೀರಿಕೊಂಡದ್ದೂ ಬರ್ಲಿನ್ನಿನಲ್ಲೇ, ಕಂಡಕ್ಟ್ ಮಾಡಲು ಹೋದಾಗ. ಆಗ ಅವರಿಗೆ 82.