ಓನರ್ ಹೆಸರಿನ ಕಾಗದ

ಇವತ್ತು ಬೆಳಿಗ್ಗೆ ಕೆಳಮನೆಯವರು ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. "ಓನರ್ ಕಾಗದಗಳನ್ನ ಯಾಕೆ ಸಾರ್ ಜೋಪಾನ ಮಾಡ್ತೀರಿ? ಈ ವಿಳಾಸದಲ್ಲಿ ಇಲ್ಲ ಅಂತ ಬರೆದು ವಾಪಸ್ ಕಳಿಸಿ. ಮನೆ ಖಾಲಿ ಮಾಡಿ ಅಂದವರಿಗೆ ಅಷ್ಟಾದರೂ ಬಿಸಿ ಮುಟ್ಟಲಿ." ಒಳ್ಳೆಯ ಮನುಷ್ಯ, ನನ್ನ ಪರವಾಗಿಯೇ ಹೇಳಿದ್ದು. ಅದಕ್ಕೇ ಕಿರಿಕಿರಿ ಹೆಚ್ಚಾಯಿತು.

ಜಗಳ ಇರುವುದು ನಿಜ. ಓನರ್ ಮನೆ ಬಿಡಿ ಎನ್ನುತ್ತಾರೆ, ಅಡ್ವಾನ್ಸ್ ಬಗ್ಗೆ ಬಾಯಿ ಬಿಡುವುದಿಲ್ಲ. ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟು ಕೂತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಈ ಊರಿನಲ್ಲಿ 1999ರ ಬಾಡಿಗೆ ಕಾಯ್ದೆಯ ಆಸರೆ ಸಿಗದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರಲ್ಲಿ ತಿಂಗಳ ಲೆಕ್ಕದ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಹಾಗೆಂದು ನೋಟಿಸ್ ಬಂದ ಕೂಡಲೇ ಪಾತ್ರೆಪಡಗ ಬೀದಿಗೆ ಬರಬೇಕಿಲ್ಲ, ಒಪ್ಪದವರನ್ನು ಎಬ್ಬಿಸಲು ಕೋರ್ಟಿನ ಡಿಕ್ರಿ ಬೇಕು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಕಾಗದದ ಮಾತು ಬೇರೆ. ಓನರ್ ಹೆಸರಿಗೆ ಬಂದದ್ದೆಲ್ಲ ನಮ್ಮ ಮನೆಯ ಹಳೇ ಬಿಸ್ಕತ್ ಡಬ್ಬಿಯಲ್ಲಿದೆ: ಎಲ್‌ಐಸಿ ಕಂತಿನ ನೋಟಿಸ್, ಬ್ಯಾಂಕಿನ ಕವರುಗಳು, ಮೂಲೆಗಳಿಗೆ ಅರಿಶಿನ ಹಚ್ಚಿದ ಒಂದು ಲಗ್ನಪತ್ರಿಕೆ. ಪತ್ರಿಕೆ ಓನರ್ ತಾಯಿಯ ಹೆಸರಿಗಿದೆ. ವಿಳಾಸ ಬರೆದ ಕೈ ವಯಸ್ಸಾದವರದು, ಸಾಲು ಬಲಕ್ಕೆ ಹೋಗುತ್ತ ಕೆಳಗಿಳಿದಿದೆ. ಹೊಸ ನಂಬರ್, ಹಳೇ ನಂಬರ್ ಎರಡನ್ನೂ ಬರೆದು, ಸಾಲದೆಂದು 'ಗಣಪತಿ ದೇವಸ್ಥಾನದ ಹಿಂದೆ' ಎಂದು ಸೇರಿಸಿದ್ದಾರೆ. ಇದನ್ನು ವಾಪಸ್ ಕಳಿಸಿದರೆ ನೋಯುವುದು ಯಾರು? ಕರೆದರೂ ಬರಲಿಲ್ಲವಲ್ಲ ಎಂದು ಕೊರಗುವ ಆ ಹಿರಿಯರು. ನಮ್ಮ ಅಡ್ವಾನ್ಸಿಗೂ ಅವರಿಗೂ ಏನು ಸಂಬಂಧ?

ನಮ್ಮೂರ ಮನೆಯ ನಡುಮನೆಯಲ್ಲಿ ಕಾಗದ ಚುಚ್ಚಿಡುವ ತಂತಿಯೊಂದಿತ್ತು, ತಳಕ್ಕೊಂದು ಮರದ ಬಿಲ್ಲೆ. ಕಂದಾಯದ ರಸೀದಿ, ಇನ್‌ಲ್ಯಾಂಡ್ ಲೆಟರು ಎಲ್ಲ ಅದಕ್ಕೇ. ಲಗ್ನಪತ್ರಿಕೆ ಮೊದಲು ದೇವರ ಮುಂದೆ. ಸಾವಿನ ಸುದ್ದಿಯ ಕಾರ್ಡನ್ನು ಹೊರಗೇ ಓದಿ ಹರಿದು ಹಾಕಿ ಸ್ನಾನಕ್ಕೆ ಹೋಗುತ್ತಿದ್ದರು. ದಾಯಾದಿಗಳ ಜೊತೆ ಅಜ್ಜನಿಗೆ ಜಮೀನಿನ ವ್ಯಾಜ್ಯ, ಮಾತುಕತೆ ನಿಂತು ಹೋಗಿತ್ತು. ಇಬ್ಬರ ಮನೆಗೂ ಒಂದೇ ಮನೆತನದ ಹೆಸರಾದ್ದರಿಂದ ಅವರ ಕಾಗದ ಆಗಾಗ ನಮ್ಮಲ್ಲಿಗೆ ಬರುತ್ತಿತ್ತು. ಅಜ್ಜ ಅದನ್ನು ಬಿಚ್ಚದೆ ನನ್ನ ಕೈಗೆ ಕೊಟ್ಟು, "ಅವರ ಜಗಲಿ ಮೇಲೆ ಇಟ್ಟು ಕೂಗಿ ಬಾ" ಅನ್ನುತ್ತಿದ್ದರು. ಕೂಗುವುದು ಮುಖ್ಯ. ಇಟ್ಟು ಬಂದರೆ ಸಾಲದು, ಅವರು ಹೊರಗೆ ಬಂದು ಎತ್ತಿಕೊಳ್ಳಬೇಕು. ವ್ಯಾಜ್ಯ ಕೋರ್ಟಿನಲ್ಲಿ ಅದರ ಪಾಡಿಗೆ ನಡೆಯಿತು.

ಅಂಚೆಯ ವಿಷಯ ಬಂದಾಗ ನನ್ನನ್ನು ಬಹಳ ಕಾಲದಿಂದ ಕಾಡುವ ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮ ಬೀದಿಯ ಗೇಟುಗಳನ್ನು ನೋಡಿ. ಕಪ್ಪು ಗ್ರಾನೈಟಿನಲ್ಲಿ ಓನರ್ ಹೆಸರು, ಅವರ ಡಿಗ್ರಿ, ಮನೆಗಿಟ್ಟ ದೇವರ ಹೆಸರು. ಅವರು ಊರಾಚೆಯ ಫ್ಲ್ಯಾಟಿಗೆ ಹೋಗಿ ವರ್ಷಗಳಾಗಿರುತ್ತವೆ. ಒಳಗೆ ಅಡುಗೆ ಮಾಡಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಕರೆಂಟ್ ಬಿಲ್ ಕಟ್ಟುವವರ ಹೆಸರು ಎಲ್ಲೂ ಇಲ್ಲ. ತಾನು ವಾಸವಿರುವ ಮನೆಗೆ ಬಾಡಿಗೆಯವನು ಇನ್ನೊಬ್ಬರ 'ಕೇರಾಫ್' ಆಗಿ ಕಾಗದ ತರಿಸಿಕೊಳ್ಳಬೇಕು. ಹೊಸ ಪೋಸ್ಟ್‌ಮ್ಯಾನ್ ಬಂದರೆ ನಮ್ಮ ಹೆಸರಿನ ಕವರು ಹಿಡಿದು ಬೀದಿ ಉದ್ದಕ್ಕೂ ವಿಚಾರಿಸುತ್ತಾನೆ. ಪಾಸ್‌ಪೋರ್ಟು, ಎಟಿಎಂ ಕಾರ್ಡು, ಕೆಲಸದ ಆರ್ಡರು ಇವತ್ತಿಗೂ ಅಂಚೆಯಲ್ಲೇ ಬರುತ್ತವೆ. 11 ತಿಂಗಳ ಅಗ್ರಿಮೆಂಟಿನವರಿಗೆ ಬೋರ್ಡು ಯಾಕೆ ಎನ್ನುವವರಿದ್ದಾರೆ. ಆ ಅಗ್ರಿಮೆಂಟನ್ನೇ ವರ್ಷ ವರ್ಷ ಬರೆಸುತ್ತ ಮಕ್ಕಳನ್ನು ಕಾಲೇಜು ದಾಟಿಸಿದವರನ್ನು ನಾನು ಬಲ್ಲೆ.

ಮನೆ ಬಾಡಿಗೆಗೆ ಕೊಡುವವರಲ್ಲಿ ನನ್ನ ಬೇಡಿಕೆ ಇಷ್ಟೇ: ನಿಮ್ಮ ಹೊಸ ವಿಳಾಸವನ್ನು ಅಂಚೆ ಕಚೇರಿಗೂ ನೆಂಟರಿಗೂ ತಿಳಿಸಿ, ಗೇಟಿನ ಮೇಲೆ ನಿಮ್ಮ ಹೆಸರಿನ ಕೆಳಗೆ ಬಾಡಿಗೆಯವರ ಹೆಸರಿಗೂ ಒಂದು ಸಣ್ಣ ಬೋರ್ಡು ಹಾಕಿಸಿ.