ಬೆಳಗೋಡಿನ ಮನೆಗಳಲ್ಲಿ ಕನ್ನಡಿಯ ಬೆಳಕು

ಹಾಸನದಿಂದ ಮಂಗಳೂರಿನತ್ತ ಸಾಗುವ ಹೆದ್ದಾರಿಯು ಆಲೂರನ್ನು ದಾಟಿದ ಮೇಲೆ ಬಯಲುಸೀಮೆಯ ಚಹರೆಯನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತದೆ. ಹೊಲಗಳು ಹಿಂದೆ ಸರಿಯುತ್ತವೆ. ಗುಡ್ಡಗಳ ನಡುವಣ ತಗ್ಗಿನಲ್ಲಿ ಭತ್ತದ ಗದ್ದೆ, ಇಳಿಜಾರಿನಲ್ಲಿ ಕಾಫಿ ತೋಟ, ಸಿಲ್ವರ್ ಓಕ್ ಮರಗಳನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿ, ಇವು ಒಂದರ ಹಿಂದೊಂದು ಕಣ್ಣಿಗೆ ಬೀಳುತ್ತವೆ. ಸಕಲೇಶಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೆಳಗೋಡು ಇಂತಹ ನೆಲದ ಊರು. ಹೆಸರಿನಲ್ಲಿಯೇ ಬೆಳಗನ್ನು ಇರಿಸಿಕೊಂಡಂತೆ ಕೇಳಿಸುವ ಈ ಸೀಮೆಯಲ್ಲಿ, ಮಳೆಗಾಲ ಬಂದಿತೆಂದರೆ ಮನೆಯೊಳಗಿನ ಬೆಳಕಿಗೆ ಬರಗಾಲ ಬಂದಂತೆಯೇ ಸರಿ.

ಈ ಕಡೆಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ನೋಡಿ, ಹೇಮಾವತಿಯ ದಂಡೆಯಲ್ಲಿ ನಾಲ್ಕು ಗಳಿಗೆ ನಿಂತು ಮುಂದಕ್ಕೆ ಹೊರಟುಬಿಡುತ್ತಾರೆ. ನಾವು ಈ ಸಲ ನೋಡಹೋದದ್ದು ಕೋಟೆಯನ್ನಲ್ಲ, ಮನೆಗಳನ್ನು. ಅದರಲ್ಲಿಯೂ ಮನೆಯೊಳಗಿನ ಕನ್ನಡಿಗಳನ್ನು. ಪರಿಚಿತರಾದ ಕಾಫಿ ಬೆಳೆಗಾರರೊಬ್ಬರ ಕುಟುಂಬವು ತಮ್ಮ ಹಿರಿಯರ ತೊಟ್ಟಿಮನೆಯನ್ನು ಕೆಡವಬೇಕೋ, ಉಳಿಸಿಕೊಳ್ಳಬೇಕೋ ಎಂಬ ಜಿಜ್ಞಾಸೆಯಲ್ಲಿ ಬಹುಕಾಲ ತೊಳಲಿ, ಕಡೆಗೆ ಉಳಿಸಿಕೊಳ್ಳುವ ನಿರ್ಧಾರಕ್ಕೆ ಬಂದಿತ್ತು. ಕೆಡವಬೇಕೆನ್ನುವವರ ವಾದ ಒಂದೇ: “ಒಳಗೆ ಕತ್ತಲೆ.” ಆ ಕತ್ತಲೆಗೆ ಮದ್ದಾಗಿ ಅವರು ಆರಿಸಿಕೊಂಡದ್ದು ಕನ್ನಡಿಯನ್ನು.

ಹಳೆಯ ಮಲೆನಾಡು ಮನೆ ಕತ್ತಲೆಯಾಗಿರುವುದು ಕಟ್ಟಿದವರ ಅಜ್ಞಾನದಿಂದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸಿ ಹೊಡೆಯುವ ಮಳೆಯಿಂದ ಮಣ್ಣಿನ ಗೋಡೆಯನ್ನು ಕಾಪಾಡಲು ಸೂರನ್ನು ಬಹಳ ಕೆಳಕ್ಕೆ ಇಳಿಸಿದರು. ಚಳಿಗಾಳಿಗೂ ಕಳ್ಳರಿಗೂ ಅಂಜಿ ಕಿಟಕಿಗಳನ್ನು ಕಿರಿದಾಗಿಸಿ ಮರದ ಸರಳುಗಳನ್ನು ಕೂರಿಸಿದರು. ಬೆಳಕು ಬರಬೇಕಾದದ್ದು ನಡುವಣ ತೊಟ್ಟಿಯಿಂದ ಮತ್ತು ಮಾಡಿನಲ್ಲಿ ಅಲ್ಲಲ್ಲಿ ಹೊದಿಸಿದ ಗಾಜಿನ ಹೆಂಚುಗಳಿಂದ. ಬಿಸಿಲು ಕಾಯುವ ದಿನಗಳಲ್ಲಿ ಈ ಏರ್ಪಾಡು ಸೊಗಸೇ. ಆದರೆ ಆಷಾಢದ ಮೋಡ ಕವಿದ ಮಧ್ಯಾಹ್ನ ಹಿಂಬದಿಯ ಕೋಣೆಯಲ್ಲಿ ಅಕ್ಕಿ ಆರಿಸಲು ಕೂಡ ದೀಪ ಬೇಕು; ದೀಪಕ್ಕೆ ವಿದ್ಯುತ್ತು ಬೇಕು; ಮರ ಮುರಿದು ತಂತಿಯ ಮೇಲೆ ಬಿದ್ದರೆ ಅದೂ ಇಲ್ಲ.

ಕನ್ನಡಿಗೂ ಈ ನಾಡಿಗೂ ಇರುವ ನಂಟು ಹೊಸದಲ್ಲ. ಬೆಳಗೋಡಿಗೆ ದೂರವಲ್ಲದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ದರ್ಪಣಸುಂದರಿಯನ್ನು ಅರಿಯದವರು ವಿರಳ. ಆಕೆಯ ಕೈಯಲ್ಲಿರುವುದು ಗಾಜಿನ ಕನ್ನಡಿಯಲ್ಲ. ಆ ಕಾಲದ ಕನ್ನಡಿಗಳೆಂದರೆ ಉಜ್ಜಿ ಹೊಳಪೇರಿಸಿದ ಲೋಹದ ಬಿಲ್ಲೆಗಳು. ಹಳೇಬೀಡಿನ ಬಸದಿಹಳ್ಳಿಯಲ್ಲಿರುವ ಪಾರ್ಶ್ವನಾಥ ಬಸದಿಯ ಕಂಬಗಳಂತೂ ಕಲ್ಲನ್ನೇ ಕನ್ನಡಿಯಾಗಿಸಿವೆ. ಎದುರು ನಿಂತವರ ಬಿಂಬ ಅವುಗಳಲ್ಲಿ ಮೂಡುತ್ತದೆ. ಕೇರಳದ ಆರನ್ಮುಳದಲ್ಲಿ ಇಂದಿಗೂ ತಾಮ್ರ ಮತ್ತು ತವರದ ಮಿಶ್ರಣದಿಂದ ಲೋಹಗನ್ನಡಿಯನ್ನು ಎರಕ ಹೊಯ್ಯುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಬೆರಳಿಗೂ ಬಿಂಬಕ್ಕೂ ನಡುವೆ ಎಡೆಯಿರುವುದಿಲ್ಲ. ನಮ್ಮ ಮನೆಗಳ ಗಾಜಿನ ಕನ್ನಡಿಯಲ್ಲಿ ಆ ಎಡೆ ಕಾಣುತ್ತದೆ; ಏಕೆಂದರೆ ಬೆಳಕನ್ನು ಹಿಂದಿರುಗಿಸುವ ಲೇಪ ಗಾಜಿನ ಬೆನ್ನಿಗಿದೆ. ಗಾಜಿಗೆ ಬೆಳ್ಳಿಯ ತೆಳುಲೇಪ ಕೂರಿಸುವ ರಾಸಾಯನಿಕ ವಿಧಾನವನ್ನು ಜರ್ಮನಿಯ ವಿಜ್ಞಾನಿ ಲೀಬಿಗ್ 1835ರಲ್ಲಿ ಕಂಡುಹಿಡಿದರು. ಅರಮನೆಗಳಲ್ಲಿದ್ದ ದೊಡ್ಡ ಕನ್ನಡಿ ಜನಸಾಮಾನ್ಯರ ಗೋಡೆಗೆ ಬರಲು ದಾರಿಯಾದದ್ದು ಅಲ್ಲಿಂದಾಚೆಗೆ.

ಇನ್ನು ನಾವು ಕಂಡ ಮನೆಯ ಸಂಗತಿ. ಕನ್ನಡಿಯು ಬೆಳಕನ್ನು ಹುಟ್ಟಿಸುವುದಿಲ್ಲ, ಬಂದ ಬೆಳಕಿನ ದಾರಿಯನ್ನು ತಿರುಗಿಸುತ್ತದೆ ಎಂಬ ಸರಳ ತತ್ತ್ವವನ್ನು ಆ ಮನೆಯವರು ಚೆನ್ನಾಗಿ ಅರಿತಿದ್ದರು. ಕಿಟಕಿಗೆ ನೇರ ಎದುರಾಗಿ ಕನ್ನಡಿ ತೂಗುಹಾಕಿದರೆ ಬೆಳಕಿನ ಒಂದು ಪಾಲು ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ. ಕಿಟಕಿಗೆ ತಾಗಿದ ಪಕ್ಕದ ಗೋಡೆಯಲ್ಲಿಟ್ಟರೆ, ಓರೆಯಾಗಿ ಬೀಳುವ ಬೆಳಕು ಅಲ್ಲಿಂದ ಚಿಮ್ಮಿ ಕೋಣೆಯ ಒಳಮೂಲೆಗೆ ತಲುಪುತ್ತದೆ. ಅವರು ಹೀಗೆಯೇ ಮಾಡಿದ್ದರು. ತೊಟ್ಟಿಯ ಅಂಚಿನ ಪಡಸಾಲೆಯಲ್ಲಿ ಒಂದು, ನಡುಮನೆಯ ಕಿಟಕಿಯ ಮಗ್ಗುಲಲ್ಲಿ ಒಂದು, ಎರಡೇ ದೊಡ್ಡ ಕನ್ನಡಿಗಳು. ಉಳಿದ ಗೋಡೆಗಳಿಗೆ ಸುಣ್ಣ. ಬಿಳಿಯ ಸುಣ್ಣದ ಗೋಡೆ ಬೆಳಕನ್ನು ಎಲ್ಲ ದಿಕ್ಕಿಗೂ ಹರಡಿದರೆ ಕನ್ನಡಿ ಅದನ್ನು ಒಂದೇ ದಿಕ್ಕಿಗೆ ಒಯ್ಯುತ್ತದೆ. ಇವೆರಡೂ ಜೊತೆಯಾದಾಗ ಹಗಲಿನಲ್ಲಿ ದೀಪದ ಹಂಗು ಬಹುಮಟ್ಟಿಗೆ ತಪ್ಪಿತೆಂದು ಮನೆಯ ಸೊಸೆ ಹೇಳಿದರು. ಹಿಂದೆ ಗೋಡೆಗೆ ತೂಗುಹಾಕುತ್ತಿದ್ದ ಸೀಮೆಎಣ್ಣೆ ದೀಪದ ಬೆನ್ನಿಗೆ ಹೊಳೆಯುವ ತಗಡು ಇರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ತತ್ತ್ವ ಅದೇ, ಸಾಧನ ಮಾತ್ರ ಬೇರೆ.

ಆದರೆ ಮಲೆನಾಡಿನಲ್ಲಿ ಕನ್ನಡಿಗೆ ದೊಡ್ಡ ಹಗೆಯೆಂದರೆ ತೇವ. ಗೋಡೆಯ ಶೀತವು ಕನ್ನಡಿಯ ಅಂಚಿನಿಂದ ಒಳಸೇರಿ ಬೆಳ್ಳಿಯ ಲೇಪವನ್ನು ತಿನ್ನುತ್ತದೆ. ಅಂಚಿನಿಂದ ಕಪ್ಪು ಕಲೆ ಹಬ್ಬುತ್ತದೆ. ಒಮ್ಮೆ ಹಬ್ಬಿದ ಕಲೆಯನ್ನು ಯಾವ ಪುಡಿಯಿಂದ ಉಜ್ಜಿದರೂ ಹೋಗದು. ಕಲೆ ಇರುವುದು ಗಾಜಿನ ಹಿಂದೆ. ಆದುದರಿಂದ ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸದೆ, ಹಿಂದೆ ಗಾಳಿಯಾಡುವಂತೆ ಸಣ್ಣ ಮರದ ಪಟ್ಟಿಗಳ ಮೇಲೆ ನಿಲ್ಲಿಸಬೇಕು. ಮಳೆ ಬಡಿಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಬೇಕು. ಒರೆಸುವಾಗ ನೀರನ್ನು ಕನ್ನಡಿಗೆ ಎರಚದೆ, ಬಟ್ಟೆಯನ್ನು ಒದ್ದೆಮಾಡಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಅಂಚನ್ನು ಒತ್ತಬೇಕು. ಬಚ್ಚಲಿನ ಹಂಡೆಯ ಹಬೆ, ಸೌದೆ ಒಲೆಯ ಹೊಗೆ ತಾಗುವ ಕಡೆ ದೊಡ್ಡ ಕನ್ನಡಿ ಬೇಡವೇ ಬೇಡ.

ಭಾರದ ವಿಷಯವೂ ಗಮನಾರ್ಹ. 4 ಮಿಲಿಮೀಟರ್ ದಪ್ಪದ ಕನ್ನಡಿ ಒಂದು ಚದರ ಮೀಟರಿಗೆ ಸುಮಾರು 10 ಕಿಲೋ ತೂಗುತ್ತದೆ. ಹಳೆಯ ಮಣ್ಣಿನ ಗೋಡೆಯಲ್ಲಿ ಮೊಳೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಆ ಮನೆಯವರು ಬಡಗಿಯನ್ನು ಕರೆಸಿ, ತೊಲೆಯಿಂದಲೇ ಕನ್ನಡಿಯನ್ನು ಇಳಿಬಿಟ್ಟು, ಅಡಿಭಾಗವನ್ನು ಮರದ ಕಟ್ಟಿನ ಮೇಲೆ ಕೂರಿಸಿದ್ದರು. ಕನ್ನಡಿ ಒಡೆದರೆ ಅಶುಭವೆಂದು ನಮ್ಮಲ್ಲಿ ಹಲವರು ಅಂಜುವುದುಂಟು. ಬರಿಗಾಲಿನಲ್ಲಿ ಓಡಾಡುವ ಮನೆಯಲ್ಲಿ ಗಾಜಿನ ಚೂರು ಅಪಾಯವೆಂಬುದೇ ಅಂಜಿಕೆಗೆ ಸಾಕಷ್ಟು ಕಾರಣ. ಅದಕ್ಕೆ ಬೇರೆ ಗ್ರಹಚಾರವನ್ನು ಕಲ್ಪಿಸಬೇಕಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸಕಲೇಶಪುರದ ಸುತ್ತಮುತ್ತ ಹೋಮ್‌ಸ್ಟೇಗಳು ಹೆಚ್ಚಿವೆ. ಜಗುಲಿಯ ಹೊರಗೋಡೆಗೂ ಕನ್ನಡಿ ಜೋಡಿಸಿ ತೋಟವನ್ನು ಇಮ್ಮಡಿಯಾಗಿ ತೋರಿಸುವ ಅಲಂಕಾರಕ್ಕೆ ಕೆಲವರು ಮನಸೋಲುತ್ತಾರೆ. ಮನುಷ್ಯರಿಗೆ ಅದು ಸೊಗಸು, ಹಕ್ಕಿಗಳಿಗೆ ಸಂಕಟ. ಗೂಡು ಕಟ್ಟುವ ಕಾಲದಲ್ಲಿ ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿಗಳು ತಮ್ಮ ಬಿಂಬವನ್ನೇ ಎದುರಾಳಿಯೆಂದು ಬಗೆದು ಕೊಕ್ಕಿನಿಂದ ಕುಕ್ಕಿ ಕುಕ್ಕಿ ಬಳಲುತ್ತವೆ. ಅಂಗಳದಲ್ಲಿ ನಿಲ್ಲಿಸಿದ ಸ್ಕೂಟರಿನ ಕನ್ನಡಿಗೆ ಬಟ್ಟೆ ಕಟ್ಟುವ ರೂಢಿ ಹಲವು ಮನೆಗಳಲ್ಲಿರುವುದು ಇದಕ್ಕಾಗಿಯೇ. ಪ್ರತಿಬಿಂಬದಲ್ಲಿ ಕಾಣುವ ಮರಗಳನ್ನು ನಿಜವೆಂದು ನಂಬಿ ಹಾರಿ ಬಂದು ಡಿಕ್ಕಿ ಹೊಡೆದು ಸಾಯುವ ಹಕ್ಕಿಗಳೂ ಉಂಟು. ಸಕಲ ಜೀವಾತ್ಮರಿಗೆ ಲೇಸನ್ನು ಬಯಸುವವರ ಮನೆಯ ಕನ್ನಡಿ ಒಳಗಿರುವುದೇ ಲೇಸು.

ಇಷ್ಟೆಲ್ಲ ನೋಡಿ ಮುಗಿಸುವ ಹೊತ್ತಿಗೆ ನಮ್ಮ ಗಮನ ಸೆಳೆದದ್ದು ಹಿಂಬದಿಯ ಕೋಣೆಯಲ್ಲಿದ್ದ ಮೂರನೆಯ ಕನ್ನಡಿ. ಬೆಳಕಿನ ಲೆಕ್ಕಕ್ಕೆ ಅದು ಅಲ್ಲಿ ಬೇಕಿರಲಿಲ್ಲ. ಅದು ಮನೆಯ ಅಜ್ಜಿಯ ಕೋಣೆ. ಎಂಬತ್ತು ದಾಟಿದ ಆ ತಾಯಿ ಯೌವನದಲ್ಲಿಯೇ ಪತಿಯನ್ನು ಕಳೆದುಕೊಂಡವರು. ಅಂದಿನಿಂದ ಅವರ ಕೋಣೆಯಲ್ಲಿ ಕನ್ನಡಿ ಇರಲಿಲ್ಲವಂತೆ. ಯಾರೋ ತೆಗೆದರೋ, ಅವರೇ ತೆಗೆದಿಟ್ಟರೋ, ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಮನೆ ದುರಸ್ತಿಯ ವೇಳೆ ಮೊಮ್ಮಗಳು, “ಅಜ್ಜೀ, ನಿಮ್ಮ ಕೋಣೆಗೂ ಒಂದು ಹಾಕಿಸೋಣ” ಎಂದಾಗ ಅವರು, “ನನಗ್ಯಾಕವ್ವ ಕನ್ನಡಿ?” ಎಂದರಂತೆ. ಸೊಸೆ ಮಧ್ಯೆ ಬಂದು, “ವಿಭೂತಿ ಸರಿಯಾಗಿ ಹಚ್ಚಿಕೊಳ್ಳಾಕೆ ಬೇಕಲ್ಲ ಅತ್ತೆ” ಎಂದು ಹೇಳಿ ಕೂರಿಸಿಯೇಬಿಟ್ಟರು. ಈಗ ಅಜ್ಜಿ ಪ್ರತಿದಿನ ಮಿಂದು, ಅದರ ಮುಂದೆ ನಿಂತು ತಲೆ ಬಾಚಿ, ಹಣೆಗೆ ವಿಭೂತಿ ಧರಿಸಿ ಆಮೇಲೆಯೇ ಪೂಜೆಗೆ ಕೂರುತ್ತಾರೆ.

ನಮ್ಮ ಸಂಪ್ರದಾಯದಲ್ಲಿ ಕನ್ನಡಿ ಮಂಗಳವಸ್ತು. ಮದುವೆಯ ದಿಬ್ಬಣವನ್ನು ಕಳಸಗನ್ನಡಿ ಹಿಡಿದು ಎದುರುಗೊಳ್ಳುತ್ತೇವೆ. ಗೌರಿಹಬ್ಬದ ಬಾಗಿನದ ಮೊರದಲ್ಲಿ ಬಳೆ, ಬಾಚಣಿಗೆಗಳ ಜೊತೆ ಪುಟ್ಟ ಕನ್ನಡಿಯನ್ನೂ ಇರಿಸುತ್ತೇವೆ. ಆದರೆ ಮಂಗಳವೆಂದು ಹೆಸರಿಟ್ಟ ವಸ್ತುವನ್ನು ಪತಿಯನ್ನು ಕಳೆದುಕೊಂಡ ಹೆಣ್ಣಿನ ಕೈಯಿಂದ ದೂರವಿಡುವ ರೂಢಿಯೂ ಅದರ ಬೆನ್ನಿಗೇ ಬೆಳೆದು ಬಂದಿತು. ಕಳಸ ಹಿಡಿಯಲು ಆಕೆ ಬೇಡ, ಬಾಗಿನ ಕೊಡಲು ಬೇಡ, ತನ್ನ ಮುಖವನ್ನು ತಾನು ನೋಡಿಕೊಳ್ಳಲೂ ಬೇಡ ಎಂಬಲ್ಲಿಗೆ ಅದು ಮುಟ್ಟಿತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೇ ಅಲ್ಲಗಳೆದ ಹನ್ನೆರಡನೆಯ ಶತಮಾನದ ಶರಣರ ದಾರಿಯಲ್ಲಿ ನಡೆಯುವ ಮನೆಗಳಿಗೆ ಈ ರೂಢಿ ಒಪ್ಪುವುದೇ? ಹೆಣ್ಣಿಗೂ ಗಂಡಿಗೂ ಸಮನಾಗಿ ಲಿಂಗದೀಕ್ಷೆಯುಂಟು. ಲಿಂಗವನ್ನು ಧರಿಸಿದ ಅಂಗವು ಪತಿಯು ಲಿಂಗೈಕ್ಯನಾದ ಮಾತ್ರಕ್ಕೆ ಅಮಂಗಳವಾಗುವುದು ಹೇಗೆ? ಈ ಪ್ರಶ್ನೆಯನ್ನು ಪ್ರತಿಯೊಂದು ಕುಟುಂಬವೂ ತನ್ನ ಮನೆಯ ಗೋಡೆಗಳನ್ನು ನೋಡಿ ಕೇಳಿಕೊಳ್ಳಬೇಕು.

ಕನ್ನಡಿಯನ್ನು ಯಾವ ಎತ್ತರಕ್ಕೆ ತೂಗುಹಾಕುತ್ತೇವೆ ಎಂಬುದರಲ್ಲಿಯೂ ಮನೆಯ ನ್ಯಾಯ ಅಡಗಿದೆ. ಹಳೆಯ ಮನೆಗಳಲ್ಲಿ ಜಗುಲಿಯ ಕನ್ನಡಿ ಗಂಡಸರ ಕ್ಷೌರಕ್ಕೆಂದು ಅವರ ಮುಖದ ಎತ್ತರಕ್ಕಿರುತ್ತಿತ್ತು. ಹೆಂಗಸರಿಗೆ ಗೂಡಿನಲ್ಲಿಟ್ಟ ಅಂಗೈಯಗಲದ ಬಿಲ್ಲೆ. ಮಕ್ಕಳಿಗೆ ಏನೂ ಇಲ್ಲ. ನಿಂತವರಿಗೆ ತಮ್ಮ ಇಡೀ ರೂಪ ಕಾಣಲು ಅವರ ಎತ್ತರದ ಅರ್ಧದಷ್ಟು ಕನ್ನಡಿ ಸಾಕೆಂಬುದು ಬೆಳಕಿನ ನಿಯಮ. ಹತ್ತಿರ ನಿಂತರೂ ದೂರ ನಿಂತರೂ ಈ ಲೆಕ್ಕ ಬದಲಾಗದು. ಆದರೆ ಮನೆಯವರೆಲ್ಲರಿಗೂ ಒಂದೇ ಕನ್ನಡಿ ಒದಗಬೇಕಾದರೆ ಅದು ಇನ್ನಷ್ಟು ಉದ್ದವಿರಬೇಕು. 54 ಅಂಗುಲ ಉದ್ದದ ಕನ್ನಡಿಯನ್ನು ನೆಲದಿಂದ 16 ಅಂಗುಲ ಮೇಲಕ್ಕೆ ನಿಲ್ಲಿಸಿದರೆ ಆರಡಿಯ ಮಗನಿಗೂ ಮೂರಡಿಯ ಮೊಮ್ಮಗುವಿಗೂ ಅಡಿಯಿಂದ ಮುಡಿಯವರೆಗೆ ಕಾಣುತ್ತದೆ. ಚಾಪೆಯ ಮೇಲೆ ಕುಳಿತ ಅಜ್ಜಿಗೂ ಮುಖ ಕಾಣುತ್ತದೆ. ಒಂದೂವರೆ ಅಡಿ ಅಗಲವಿದ್ದರೆ ಅದರ ತೂಕ ಸುಮಾರು 6 ಕಿಲೋ. ಅಡ್ಡಾದಿಡ್ಡಿ ಹತ್ತು ಕನ್ನಡಿಗಳನ್ನು ಜೋಡಿಸುವುದಕ್ಕಿಂತ ಎಲ್ಲರಿಗೂ ಎಟುಕುವ ಇಂತಹ ಒಂದು ಕನ್ನಡಿಯೇ ಮನೆಗೆ ಶೋಭೆ.

ಶರಣರು ಕನ್ನಡಿಯನ್ನು ಹಲವು ವಚನಗಳಲ್ಲಿ ದೃಷ್ಟಾಂತವಾಗಿ ಬಳಸಿದ್ದಾರೆ. ಕನ್ನಡಿ ನೋಡಿಕೊಳ್ಳುವವರನ್ನು ಕರೆದು ಜಂಗಮದ ಕಡೆಗೆ ಕಣ್ಣು ತಿರುಗಿಸಲು ಬಸವಣ್ಣನವರು ಹೇಳಿದ ವಚನವನ್ನು ಓದುಗರು ಬಲ್ಲರು. ಅದನ್ನು ಕನ್ನಡಿಯ ನಿಂದೆಯೆಂದು ನಾವು ತಿಳಿಯುವುದಿಲ್ಲ. ತನ್ನನ್ನು ನೋಡಿಕೊಂಡ ಕಣ್ಣು ಅಲ್ಲಿಯೇ ನಿಂತುಬಿಡದೆ, ಎದುರಿಗಿರುವ ಇನ್ನೊಂದು ಜೀವದತ್ತ ಹೊರಳಬೇಕೆಂಬುದೇ ಅದರ ಆಶಯವೆಂದು ಭಾವಿಸುತ್ತೇವೆ. ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಎಂಬ ಗಾದೆಯೂ ನಮ್ಮಲ್ಲುಂಟು. ಅಲಂಕಾರದಲ್ಲಿ ಮೆರೆಯುವ ಸಿರಿ ಅಂತಹ ಗಂಟು. ಕನ್ನಡಿ ತೋರಿಸುವ ಬೆಳಕಾದರೋ ನಿಜವಾದದ್ದು.

ಮನೆಗೆ ಹೊಸದಾಗಿ ಕನ್ನಡಿ ತರಬೇಕೆಂದಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಅಂಗಡಿಗೆ ಹೋಗುವ ಮುನ್ನ ಒಂದು ಮೋಡದ ಮಧ್ಯಾಹ್ನ ಮನೆಯನ್ನೆಲ್ಲ ಒಮ್ಮೆ ಸುತ್ತಿ ಬನ್ನಿ. ಬೆಳಕು ತಲುಪದ ಮೂಲೆ ಯಾವುದು ಎಂಬುದನ್ನು ಗುರುತಿಸಿ. ಆ ಮೂಲೆಯಲ್ಲಿ ಕೂರುವವರು ಯಾರು ಎಂಬುದನ್ನೂ ಗುರುತಿಸಿ. ಮೊದಲ ಕನ್ನಡಿ ಅವರಿಗಾಗಿ ಇರಲಿ.