ಹಾಡುಗಾರರ ಹೆಸರಿನ ಮೀನುಗಳು

ಒಂದಕ್ಷರ ಅತ್ತಿತ್ತ ಮಾಡಿ ನಗಿಸುವ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ಟಿ.ಪಿ. ಕೈಲಾಸಂ ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಬಾಣಲೆಯಲ್ಲಿ ಹುರಿದು ಬಡಿಸಿದರು. ಬೀಚಿಯವರ ಕೈಗೆ ಸಿಕ್ಕ ಪದ ಮೊದಲಿನಂತೆ ಹೊರಬಂದದ್ದೇ ಅಪರೂಪ. ಪಂಡಿತರು ಇದನ್ನು ಶ್ಲೇಷೆ ಎಂದು ಕರೆದು ಅಲಂಕಾರಗಳ ಸಾಲಿನಲ್ಲಿ ಕೂರಿಸಿದ್ದಾರೆ. ಇಂಗ್ಲಿಷಿನವರಿಗೆ ಇದು ಪನ್. ಅವರಲ್ಲಿ ಇದನ್ನು ಮನೆಮಂದಿಯೆಲ್ಲ ಸೇರಿ ಆಡುತ್ತಾರೆ. ಯಾವುದಾದರೊಂದು ವಿಷಯ ಹಿಡಿಯುವುದು, ಇನ್ನೊಂದು ವಿಷಯದ ಹೆಸರುಗಳನ್ನು ಎಳೆದು ತಂದು ಅದಕ್ಕೆ ಹೊಂದಿಸುವುದು. ಯಾರ ಹೆಸರು ಹೆಚ್ಚು ಕೆಟ್ಟದಾಗಿ ಹೊಂದುತ್ತದೋ ಅವರಿಗೇ ಹೆಚ್ಚು ಚಪ್ಪಾಳೆ.

ಟೊರಾಂಟೊದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನ ಮನೆಯಲ್ಲಿ ಈಗ ಇದೇ ಆಟ. ಅವರು ಹಿಡಿದದ್ದು ಕೆನಡಾದ ಹಾಡುಗಾರರನ್ನು, ಹೊಂದಿಸಿದ್ದು ಮೀನುಗಳಿಗೆ. "ಮಾಮ, ನೀವು ಕಡಲ ಕರೆಯವರಲ್ಲವಾ, ಇದನ್ನು ಕೇಳಿ" ಎಂದು ಫೋನಿನಲ್ಲಿ ಒಂದೊಂದಾಗಿ ಹೇಳಿದ. ನೀಲ್ ಯಂಗ್ ತಲೆಯ ಅಕ್ಷರ ಕಳೆದುಕೊಂಡು 'ಈಲ್ ಯಂಗ್' ಆಗಿದ್ದ. ಈಲ್ ಎಂದರೆ ಹಾವುಮೀನು. ಆ್ಯನ್ ಮರ್ರೆ 'ಆ್ಯನ್ ಮೋರೆ' ಆಗಿದ್ದಳು, ಅದೂ ಒಂದು ಜಾತಿಯ ಹಾವುಮೀನೇ. ಶನಾಯ ಟ್ವೇನ್ 'ಶನಾಯ ಟ್ಯೂನಾ' ಆದಳು. ಬೆಂಗಳೂರಿಗೂ ಬಂದು ಹಾಡಿ ಹೋದ ಬ್ರಯಾನ್ ಆ್ಯಡಮ್ಸ್‌ನ ಪ್ರಸಿದ್ಧ ಹಾಡಿನ 'ಸಮ್ಮರ್' ಹೋಗಿ 'ಸಾಮನ್' ಬಂತು. ಲೆನಾರ್ಡ್ ಕೋಹೆನ್ 'ಕೋಹೋ'ನ್ ಆದ. ಕೋಹೋ ಎನ್ನುವುದು ಸಾಮನ್ ಮೀನಿನ ಒಂದು ಜಾತಿ. ಅವನ 'ಹಾಲೆಲೂಯ' ಹಾಡು 'ಹ್ಯಾಲಿಬಟ್‌ಲೂಯ' ಆಯಿತು.

ನಗು ಬಂತು, ನಿಜ. ಆದರೆ ಅರ್ಧ ನಗು. ಶ್ಲೇಷೆಗೆ ಎರಡು ಕಾಲು. ಹಾಡುಗಾರನೂ ಗೊತ್ತಿರಬೇಕು, ಮೀನೂ ಗೊತ್ತಿರಬೇಕು. ಒಂದು ಕಾಲು ಕುಂಟಿದರೆ ನಗು ಅಲ್ಲೇ ಮುಗ್ಗರಿಸುತ್ತದೆ. ಹಾಗಾಗಿ ಆ ಮೀನುಗಳ ಬಗ್ಗೆ ಓದಲು ಕುಳಿತೆ. ಓದಿದಂತೆಲ್ಲ ಒಂದು ಸಂಗತಿ ಕಾಡತೊಡಗಿತು. ತಮಾಷೆಗೆ ಸಿಕ್ಕ ಮೀನುಗಳಲ್ಲಿ ಹಲವು ನೀರಿನಲ್ಲಿ ಕಡಿಮೆಯಾಗುತ್ತಿದ್ದವು.

'ಈಲ್ ಯಂಗ್' ಎಂಬುದನ್ನು ತಿರುಗಿಸಿದರೆ ಮರಿ ಹಾವುಮೀನು. ಕೆನಡಾದ ಪೂರ್ವ ಕರಾವಳಿಯ ಹೊಳೆಗಳಿಗೆ ವಸಂತದಲ್ಲಿ ಏರಿ ಬರುವ, ಗಾಜಿನಂತೆ ಪಾರದರ್ಶಕವಾದ ಬೆರಳುದ್ದದ ಮರಿ ಅದು. ಏಷ್ಯಾದ ಮೀನು ಸಾಕಣೆಯವರಿಗೆ ಇವೇ ಬೇಕು. ಬೆಲೆ ಕಿಲೋಗೆ 5,000 ಡಾಲರ್ ಮುಟ್ಟಿದ್ದುಂಟು. ಈ ಹಾವುಮೀನು ಅಪಾಯದಲ್ಲಿದೆಯೆಂದು 2012ರಲ್ಲೇ ಕೆನಡಾದ ತಜ್ಞರ ಸಮಿತಿ ಹೇಳಿತ್ತು. ಕದ್ದು ಹಿಡಿಯುವವರು ಹೆಚ್ಚಾಗಿ, ಹೊಳೆಯ ದಂಡೆಯಲ್ಲಿ ಹೊಡೆದಾಟಗಳಾಗಿ 2023ರಲ್ಲಿ ಸರಕಾರ ಆ ಮೀನುಗಾರಿಕೆಯನ್ನು ನಡುವೆಯೇ ನಿಲ್ಲಿಸಿತು. 2024ರಲ್ಲಿ ಅದು ತೆರೆಯಲೇ ಇಲ್ಲ.

ಕೋಹೆನ್ ಕತೆ ಇನ್ನೂ ವಿಚಿತ್ರ. ಕೆನಡಾದ ಪಶ್ಚಿಮದಲ್ಲಿ ಫ್ರೇಸರ್ ನದಿ ಇದೆ. ಕಡಲಿನಿಂದ ಅಲ್ಲಿಗೆ ಮರಳಿ ಬಂದು ಮೊಟ್ಟೆಯಿಡುವ ಸಾಕೈ ಎಂಬ ಸಾಮನ್ 2009ರಲ್ಲಿ ಒಂದು ಕೋಟಿಗೂ ಮಿಕ್ಕಿ ಬರಬೇಕಿತ್ತು. ಬಂದದ್ದು ಸುಮಾರು 15 ಲಕ್ಷ. ಏನಾಯಿತೆಂದು ತಿಳಿಯಲು ಸರಕಾರ ನ್ಯಾಯಾಂಗ ಆಯೋಗ ನೇಮಿಸಿತು. ಅದರ ಮುಖ್ಯಸ್ಥರಾಗಿದ್ದವರು ನ್ಯಾಯಮೂರ್ತಿ ಬ್ರೂಸ್ ಕೋಹೆನ್! 2012ರಲ್ಲಿ ವರದಿ ಬಂತು, 75 ಶಿಫಾರಸುಗಳೊಂದಿಗೆ. ಇಂಥದ್ದೇ ಒಂದು ಕಾರಣವೆಂದು ಬೆರಳು ತೋರಿಸಲು ಆಯೋಗಕ್ಕೂ ಆಗಲಿಲ್ಲ. ಮನೆಯವರೆಲ್ಲ ಸೇರಿ ಕೋಹೆನ್ ಹೆಸರಿಗೆ ಸಾಮನ್ ಅಂಟಿಸಿ ನಕ್ಕಿದ್ದರು. ಸರಕಾರ ಅದೇ ಕೆಲಸವನ್ನು ನಗದೆ ಮಾಡಿ ಮುಗಿಸಿತ್ತು.

ಇವೆಲ್ಲಕ್ಕಿಂತ ದೊಡ್ಡ ಕತೆ ಕಾಡ್ ಮೀನಿನದು. ಕೆನಡಾದ ಪೂರ್ವದ ತುದಿಯಲ್ಲಿರುವ ನ್ಯೂಫೌಂಡ್ಲೆಂಡಿನ ಹಳಬರ ಬಾಯಲ್ಲಿ ಮೀನು ಎಂದರೆ ಕಾಡ್ ಮಾತ್ರ. ಉಳಿದವಕ್ಕೆಲ್ಲ ಅವುಗಳದೇ ಹೆಸರು. ಹೊಸಬರು ಬಂದರೆ ರಮ್ ಕುಡಿಸಿ, ಕಾಡ್ ಮೀನಿನ ಮೂತಿಗೆ ಮುತ್ತಿಡಿಸಿ 'ಈಗ ನೀನು ನಮ್ಮವನು' ಎನ್ನುವ ತಮಾಷೆಯ ಶಾಸ್ತ್ರವೂ ಅಲ್ಲಿದೆ. ಅಲ್ಲಿನ ಹಾಡಿನಲ್ಲೂ ಮೀನೇ. ಆರ್ಥರ್ ಸ್ಕ್ಯಾಮೆಲ್ ಎಂಬ ಹುಡುಗ 1928ರಲ್ಲಿ, ಹದಿನೈದರ ಹರೆಯದಲ್ಲಿ, ಬೊಂಡಾಸ್ ಹಿಡಿಯುವವರ ಬಗ್ಗೆ ಒಂದು ಹಾಡು ಕಟ್ಟಿದ. ಬೊಂಡಾಸ್ ಅವರಿಗೆ ಕಾಡ್ ಹಿಡಿಯುವ ಗಾಳಕ್ಕೆ ಸಿಕ್ಕಿಸುವ ಎರೆ. 1949ರಲ್ಲಿ ನ್ಯೂಫೌಂಡ್ಲೆಂಡ್ ಕೆನಡಾಕ್ಕೆ ಸೇರಿದಾಗ ಒಟ್ಟಾವದ ಸಂಸತ್ತಿನ ಗೋಪುರದ ಗಂಟೆಗಳು ಆ ಹಾಡಿನ ರಾಗವನ್ನೇ ನುಡಿಸಿದವು.

ಆಮೇಲೆ ದೊಡ್ಡ ಟ್ರಾಲರುಗಳು ಬಂದವು. ಹಿಡಿದ ಮೀನನ್ನು ಹಡಗಿನಲ್ಲೇ ಕತ್ತರಿಸಿ ಹಿಮಗಟ್ಟಿಸುವ ಕಾರ್ಖಾನೆಗಳು ಅವು. 1968ರಲ್ಲಿ ಆ ಭಾಗದ ಕಡಲಿನಿಂದ ಎತ್ತಿದ ಕಾಡ್ ಸುಮಾರು 8 ಲಕ್ಷ ಟನ್. 1977ರಲ್ಲಿ ಕೆನಡಾ ಇನ್ನೂರು ಮೈಲಿ ಗಡಿ ಹಾಕಿ ವಿದೇಶಿ ಹಡಗುಗಳನ್ನು ದೂರವಿಟ್ಟಿತು. ಆದರೆ ಅವು ಬಿಟ್ಟ ಜಾಗಕ್ಕೆ ಸ್ವದೇಶಿ ಟ್ರಾಲರುಗಳು ಬಂದವು. ಮೀನಿಗೆ ಬಲೆಯ ರಾಷ್ಟ್ರೀಯತೆ ಗೊತ್ತಾಗುವುದಿಲ್ಲ. ಕೊನೆಗೆ 1992ರ ಜುಲೈ 2ರಂದು ಮೀನುಗಾರಿಕಾ ಮಂತ್ರಿ ಜಾನ್ ಕ್ರಾಸ್ಬಿ ಕಾಡ್ ಹಿಡಿಯುವುದನ್ನು ಎರಡು ವರ್ಷಕ್ಕೆ ನಿಷೇಧಿಸಿದರು. ಸುಮಾರು 30,000 ಮಂದಿಯ ಕೆಲಸ ಹೋಯಿತು. ಹತ್ತು ವರ್ಷದೊಳಗೆ ಆ ಪ್ರಾಂತ್ಯದ ಜನಸಂಖ್ಯೆಯೇ ಹೆಚ್ಚುಕಡಿಮೆ ಹತ್ತನೇ ಒಂದರಷ್ಟು ಇಳಿಯಿತು. ಎರಡು ವರ್ಷದ ನಿಷೇಧ 32 ವರ್ಷ ನಡೆಯಿತು. 2024ರಲ್ಲಿ ಅದನ್ನು ತೆಗೆದಾಗ ಹಿಡಿಯಲು ಕೊಟ್ಟ ಅನುಮತಿ 18,000 ಟನ್. ಅಷ್ಟೂ ಬೇಗವಾಯಿತೆಂದು ವಾದಿಸುವವರಿದ್ದರು.

ಮಂತ್ರಿಗಳಿಗಿಂತ ಮೊದಲೇ ಹಾಡುಗಾರರಿಗೆ ವಾಸನೆ ಹತ್ತಿತ್ತು. ಸ್ಟ್ಯಾನ್ ರೋಜರ್ಸ್ ಎಂಬವನು 1970ರ ದಶಕದಲ್ಲೇ, ದೊಡ್ಡ ಹಡಗುಗಳೆದುರು ಸೋಲುತ್ತಿರುವ ಸಣ್ಣ ದೋಣಿಗಳ ಬಂದರನ್ನು ಹಾಡಿದ್ದ. ನಿಷೇಧ ನೋಡಲು ಅವನು ಉಳಿಯಲಿಲ್ಲ. 1983ರಲ್ಲಿ ವಿಮಾನದ ಬೆಂಕಿಯಲ್ಲಿ ತೀರಿಕೊಂಡಾಗ ಅವನಿಗೆ 33 ವರ್ಷ. ನಿಷೇಧದ ಮರುವರ್ಷ ಸೇಂಟ್ ಜಾನ್ಸ್ ಊರಿನ ಹುಡುಗರು ಒಂದು ತಂಡ ಕಟ್ಟಿ ಅದಕ್ಕೆ 'ಗ್ರೇಟ್ ಬಿಗ್ ಸೀ' ಎಂದು ಹೆಸರಿಟ್ಟರು. ಹೆಸರಲ್ಲಿ ದೊಡ್ಡ ಕಡಲಿತ್ತು, ಆ ಕಡಲಲ್ಲಿ ಮೀನಿರಲಿಲ್ಲ. ಆ ತಂಡದ ಆ್ಯಲನ್ ಡಾಯ್ಲ್ ಚಿಕ್ಕಂದಿನಲ್ಲಿ ದಕ್ಕೆಯಲ್ಲಿ ಕಾಡ್ ಮೀನಿನ ನಾಲಿಗೆ ಕತ್ತರಿಸಿ ಕಾಸು ಗಳಿಸಿದವನು. ಅವನ ನಂತರದ ಮಕ್ಕಳಿಗೆ ಆ ಕೆಲಸವಿರಲಿಲ್ಲ. ಅದಕ್ಕೆ ಬೇಕಾದ ಚೂರಿಯ ಹಿಡಿತ, ಕೂಗು, ಬೈಗುಳ, ತಮಾಷೆ ಯಾವುದೂ ಇರಲಿಲ್ಲ. ಮೀನು ಹೋಗುವಾಗ ಒಂದೇ ಹೋಗುವುದಿಲ್ಲ.

ಅಕ್ಕನ ಮಗನ ಒಂಬತ್ತು ವರ್ಷದ ಮಗಳು ಹ್ಯಾಲಿಬಟ್ ಎಂದ ಕೂಡಲೇ ಬಿದ್ದು ಬಿದ್ದು ನಗುತ್ತಾಳಂತೆ. ಆ ಮೀನನ್ನು ಕಂಡಿದ್ದಾಳಾ ಎಂದು ಕೇಳಿದೆ. "ಇಲ್ಲ ಮಾಮ, ಅಂಗಡಿಯಲ್ಲಿ ಚರ್ಮ ತೆಗೆದ ಬಿಳಿ ತುಂಡು ಸಿಗುತ್ತದೆ, ಅಷ್ಟೇ" ಎಂದ. ಎರಡೂ ಕಣ್ಣು ಒಂದೇ ಬದಿಯಲ್ಲಿರುವ, ಮನುಷ್ಯನಿಗಿಂತ ಭಾರವಾಗಿ ಬೆಳೆಯಬಲ್ಲ ಆ ಚಪ್ಪಟೆ ಪ್ರಾಣಿ ಅವಳ ಮಟ್ಟಿಗೆ ಒಂದು ತಮಾಷೆಯ ಸದ್ದು.

ನಮ್ಮಲ್ಲಿ ಜೂನ್, ಜುಲೈಯಲ್ಲಿ 61 ದಿನ ಯಾಂತ್ರೀಕೃತ ದೋಣಿಗಳು ದಕ್ಕೆಯಲ್ಲೇ ನಿಲ್ಲುತ್ತವೆ. ಆಗಸ್ಟಿನಲ್ಲಿ ಮೀನು ಬಂದೇ ಬರುತ್ತದೆಂಬ ನಂಬಿಕೆಯಿಂದ ಆ ಎರಡು ತಿಂಗಳು ಒಣಮೀನಿನಲ್ಲಿ ಕಳೆಯುತ್ತೇವೆ. ಬೂತಾಯಿ ಕೆಲವು ವರ್ಷ ಕೈಕೊಟ್ಟದ್ದನ್ನು ನಾವೂ ಕಂಡಿದ್ದೇವೆ. ಎರಡು ತಿಂಗಳ ರಜೆ ಮೂವತ್ತೆರಡು ವರ್ಷವಾದರೆ ಹೇಗಿರುತ್ತದೆಂದು ನ್ಯೂಫೌಂಡ್ಲೆಂಡಿನವರನ್ನು ಕೇಳಬೇಕು.

ನಮ್ಮ ಕಡಲ ಕರೆಯಲ್ಲೂ ಒಂದು ಮೀನಿನ ಶ್ಲೇಷೆ ಇದೆ. ಕನ್ನಡವೇ ಅದನ್ನು ನಮಗೆ ಪುಕ್ಕಟೆಯಾಗಿ ಕೊಟ್ಟಿದೆ. ಮರಳಿನಲ್ಲಿ ಹುದುಗಿ ಬಲೆ ತಪ್ಪಿಸಿಕೊಳ್ಳುವ ಆ ನೀಳ ಮೀನಿನ ಹೆಸರು ಕಾಣೆ. ಮಾರುಕಟ್ಟೆಯಿಂದ ಬರಿಗೈಯಲ್ಲಿ ಬಂದ ದಿನ "ಕಾಣೆ ಕಾಣೆ" ಎಂದರೆ ಮನೆಮಂದಿಯೆಲ್ಲ ನಗುತ್ತಾರೆ. ನಾಳೆ ಕಾಣೆ ಸಿಗುತ್ತದೆಂದು ಎಲ್ಲರಿಗೂ ಗೊತ್ತಿರುವುದರಿಂದ ಆ ನಗು. ನಾಳೆಯೂ ಸಿಗದೆ, ನಾಡಿದ್ದೂ ಸಿಗದೆ ಹೋದರೆ ಅದೇ ಎರಡು ಪದ ಬರೇ ಸುದ್ದಿಯಾಗುತ್ತದೆ.